ಹರವಿ ಇಟ್ಟ ಮೂಲೆ

“ನಮ್ಮವ್ವ ದಿನಾ ಸಂಜೆ ಬಾಗಿಲಲ್ಲಿ ನಿಂತು ‘ನಜೀಹಾ’ ಅಂತ ಕೂಗೋಳು. ನಾನು ಅಲ್ಲೇ ಅವಳ ಕಾಲ ಹತ್ರ ಮಸೂರು ಬೇಳೆ ಆರಿಸ್ತಾ ಕೂತಿರ್ತಿದ್ದೆ. ‘ಏನವ್ವಾ’ ಅಂತಿದ್ದೆ. ‘ನಿನ್ನಲ್ಲ’ ಅನ್ನೋಳು. ಅಷ್ಟೇ. ಇನ್ನೊಂದ್ಸಲ ಕೂಗಿ, ಸ್ವಲ್ಪ ಹೊತ್ತು ಕಾದು, ಒಳಗೆ ಬಂದು ಹರವಿ ಮುಚ್ಚಳ ತೆಗೆದು ನೀರು ಎಷ್ಟಿದೆ ಅಂತ ನೋಡೋಳು. ನಾನು ಚಿಕ್ಕೋಳು, ನಂಗೇನು ಗೊತ್ತಾಗುತ್ತೆ? ನಮ್ಮ ಓಣೀಲಿ ಇನ್ನೊಬ್ಳು ನಜೀಹಾ ಇದಾಳೆ, ಎಲ್ಲೋ ಆಡೋಕೆ ಹೋಗಿದಾಳೆ, ಬರ್ತಾಳೆ ಅಂದ್ಕೊಂಡಿದ್ದೆ. ಬಂದ್ರೆ ಜೊತೆಗೆ ಆಡೋಣ ಅಂತ ಎಷ್ಟೋ ದಿನ ನಾನೂ ಕಾದೆ. ಬರಲೇ ಇಲ್ಲ. ಆಮೇಲೆ ಒಂದಿನ ನಂಗೇ ಹೊಳೀತು, ಅವ್ವ ಕೂಗೋದು ಹೊರಗಡೆ ಮುಖ ಮಾಡಿ ಅಲ್ಲ. ಬಾಗಿಲಲ್ಲಿ ನಿಂತು ಒಳಗಡೆ ನೋಡ್ಕೊಂಡು ಕೂಗ್ತಾಳೆ. ಮಕ್ಕಳನ್ನ ಯಾರಾದ್ರೂ ಮನೆಯೊಳಕ್ಕೆ ನೋಡ್ಕೊಂಡು ಕೂಗ್ತಾರಾ, ನೀನೇ ಹೇಳು? ಅವತ್ತಿಂದ ನಾನು ‘ಏನವ್ವಾ’ ಅನ್ನೋದು ಬಿಟ್ಟೆ. ಸ್ಕೂಲಲ್ಲಿ ಟೀಚರು ಕರೆದ್ರೂ ಒಂದು ಗಳಿಗೆ ಸುಮ್ನಿರ್ತಿದ್ದೆ, ಅವಳೇನಾದ್ರೂ ಎದ್ದಾಳೇನೋ ಅಂತ. ‘ಕಿವುಡೀನಾ ನೀನು’ ಅಂತ ಬೈಸ್ಕೊಳ್ತಿದ್ದೆ. ಕಿವುಡಿ ಅಲ್ಲ ಸಬ್ಹಾ. ಸರದಿ ಬಿಡ್ತಿದ್ದೆ.”

ಜಾಬಿರನವ್ವ ಇದನ್ನು ನನಗೆ ಹೇಳಿದ್ದು ಹೋದ ವಸಂತದಲ್ಲಿ, ನನ್ನ ಹೊಸಿಲ ಮೇಲೆ ಕೂತು ಝಾತರ್ ಸೊಪ್ಪು ಬಿಡಿಸುತ್ತಾ. ನಮ್ಮಿಬ್ಬರ ಮನೆ ಎದುರುಬದುರು. ನಡುವಿನ ಓಣಿ ಎಷ್ಟು ಕಿರಿದೆಂದರೆ ನಾನು ಇಲ್ಲಿಂದ ಉಪ್ಪಿನ ಬಟ್ಟಲು ಚಾಚಿದರೆ ಅವಳು ಅಲ್ಲಿಂದಲೇ ಈಸಿಕೊಳ್ಳುತ್ತಾಳೆ. ಲೆಬನಾನಿನ ತೆಂಕಣ ಕರಾವಳಿಯಲ್ಲಿ, ಸೂರ್ ಪಟ್ಟಣದ ಪಕ್ಕದ ಈ ಶಿಬಿರದಲ್ಲಿ ನಮ್ಮ ಓಣಿಯವರೆಲ್ಲ ಒಂದೇ ಊರಿನವರು, ಪ್ಯಾಲೆಸ್ತೀನಿನ ಐನ್ ತೀನ ಹಳ್ಳಿಯವರು. ನಲವತ್ತೆಂಟರಲ್ಲಿ ಊರು ಬಿಟ್ಟಾಗ ನನಗೆ ಎರಡು ವರ್ಷ. ಊರು ನೆನಪಿಲ್ಲ, ಡೇರೆ ನೆನಪಿದೆ. ಜಾಬಿರನವ್ವ ಹುಟ್ಟಿದ್ದೇ ಡೇರೆಯಲ್ಲಿ. ನನಗಿಂತ ಐದು ವರ್ಷಕ್ಕೆ ಚಿಕ್ಕವಳು. ಪಡಿ ಚೀಟಿಯಲ್ಲಿ ಮಾತ್ರ ಅವಳೂ ನನ್ನ ವಾರಿಗೆಯವಳು.

ಅದು ಹೇಗೆಂದು ಹೇಳುತ್ತೇನೆ.

ಅವಳ ತಾಯಿ ಹಮ್ದಾ ಊರಿಂದ ಬರುವಾಗ ಸೊಂಟದ ಮೇಲೆ ಒಂದು ಹೆಣ್ಣುಮಗು ಇತ್ತು, ನಜೀಹಾ ಎಂದು. ನನ್ನ ಓರಗೆಯ ಕೂಸು. ಎರಡನೆಯ ಚಳಿಗಾಲದಲ್ಲಿ ಈ ಸಮುದ್ರದ ದಂಡೆಯ ಮೇಲೂ ಹಿಮ ಬಿತ್ತು. ಡೇರೆಗಳು ಭಾರಕ್ಕೆ ಕುಸಿದವು. ಆ ವಾರವೇ ನಜೀಹಾ ಸತ್ತಳು. ಸತ್ತವರನ್ನು ಪಡಿ ಕಚೇರಿಗೆ ಬರೆಸಿದರೆ ಚೀಟಿಯಿಂದ ಒಂದು ತಲೆ ಹೋಯಿತು, ಒಂದು ತಲೆಯ ಹಿಟ್ಟು ಹೋಯಿತು. ಆ ವರ್ಷಗಳಲ್ಲಿ ಹೊಸದಾಗಿ ಹುಟ್ಟಿದವರಿಗೆ ಪಡಿ ಸಿಗುವುದು ಸುಲಭವಿರಲಿಲ್ಲ. ಚೀಟಿಯಲ್ಲಿ ಹೆಸರಿದ್ದವರದೇ ಹೊಟ್ಟೆ. ಹಾಗಾಗಿ ಹಮ್ದಾ ಬರೆಸಲಿಲ್ಲ. ಅವಳೊಬ್ಬಳೇ ಅಲ್ಲ, ಆ ಚಳಿಗಾಲದಲ್ಲಿ ಎಷ್ಟೋ ಡೇರೆಗಳಲ್ಲಿ ಯಾರೂ ಬರೆಸಲಿಲ್ಲ.

ತಲೆ ಎಣಿಸುವ ಗುಮಾಸ್ತ ಬರುವ ದಿನ ಡೇರೆಯಿಂದ ಡೇರೆಗೆ ಮಕ್ಕಳು ಕಡ ಹೋಗುತ್ತಿದ್ದವು. ಅಷ್ಟೆತ್ತರದ ಹುಡುಗಿ ಬೇಕಾದರೆ ಅಷ್ಟೆತ್ತರದವಳನ್ನು ಕಳಿಸುವುದು. ಹಮ್ದಾಳ ಡೇರೆಗೆ ನಾನು ಹೋಗುತ್ತಿದ್ದೆ. ಮೊದಲು ನಮ್ಮ ಡೇರೆಯಲ್ಲಿ ಸಬ್ಹಾ ಎಂದು ಎಣಿಸಿಕೊಂಡು, ತಲೆಗೆ ಬೇರೆ ಬಟ್ಟೆ ಸುತ್ತಿಕೊಂಡು, ಹಿಂದಿನಿಂದ ಓಡಿ ಅಲ್ಲಿ ನಜೀಹಾ ಎಂದು ಎಣಿಸಿಕೊಳ್ಳುವುದು. ಗುಮಾಸ್ತ ‘ನಜೀಹಾ’ ಅಂದಾಗ ‘ಹ್ಞೂಂ’ ಅನ್ನಬೇಕಿತ್ತು. ಅಂದೆ. ಅವತ್ತೇ ನನಗೆ ಜ್ವರ ಬಂತು. ಯಾರ ದೃಷ್ಟಿ ತಾಗಿದೆಯೋ ತಿಳಿಯಲು ನಮ್ಮಜ್ಜಿ ಪಟಿಕ ಸುಟ್ಟು ನೋಡಿದಳು. ಕರಗಿ ಉಬ್ಬಿದ ಪಟಿಕದಲ್ಲಿ ಒಂದು ಮಗುವಿನ ಮುಖ ಮೂಡಿತ್ತಂತೆ. ಅಜ್ಜಿ ಅದನ್ನು ನನಗೆ ತೋರಿಸಲಿಲ್ಲ, ಸಮುದ್ರಕ್ಕೆ ಎಸೆದು ಬಂದಳು. “ಇನ್ಮೇಲೆ ಆ ಹೆಸರಿಗೆ ಬಾಯಿಬಿಟ್ಟು ಓ ಅನ್ಬೇಡ, ತಲೆ ಮಾತ್ರ ಆಡಿಸು,” ಅಂದಳು. ಮುಂದಿನ ಸಲ ಹಾಗೇ ಮಾಡಿದೆ.

ಹಿಮ ಬಿದ್ದ ಮರುವರ್ಷ ಹಮ್ದಾಳಿಗೆ ಇನ್ನೊಂದು ಹೆಣ್ಣು ಹುಟ್ಟಿತು. ಅದಕ್ಕೆ ಹೆಸರಿಡಲಿಲ್ಲ. ಹೆಸರು ಆಗಲೇ ಚೀಟಿಯಲ್ಲಿತ್ತು, ಮಗು ಮಾತ್ರ ಇರಲಿಲ್ಲ. ಈಗ ಮಗು ಬಂತು. ಅದು ನಡೆದು ಮಾತಾಡುವಂತಾದ ಮೇಲೆ ನನ್ನನ್ನು ಕರೆಯುವುದು ನಿಂತಿತು. ಎಂಟು ವರ್ಷದವಳು ಅಂತ ಬರೆದಿರುವ ಕಡೆ ಮೂರು ವರ್ಷದ್ದು ನಿಂತಿದ್ದನ್ನು ನೋಡಿ ಗುಮಾಸ್ತ, “ಏನಮ್ಮಾ, ಹುಡುಗಿ ಬೆಳೆದೇ ಇಲ್ವಲ್ಲ?” ಎಂದನಂತೆ. ಹಮ್ದಾ, “ನೀವು ಕೊಡೋ ಹಿಟ್ಟು ತಿಂದ್ರೆ ಇಷ್ಟೇ ಬೆಳೆಯೋದು. ನೀವೂ ಒಂದು ತಿಂಗಳು ತಿಂದು ನೋಡಿ, ಪ್ಯಾಂಟು ಸಡಿಲ ಆಗುತ್ತೆ,” ಎಂದಳಂತೆ. ಅವನು ನಕ್ಕು ಗುರುತು ಹಾಕಿಕೊಂಡು ಹೋದ.

ಹೀಗೆ ಅವಳು ಸತ್ತವಳ ವಯಸ್ಸಿನಲ್ಲಿ ಬದುಕಿದಳು. ಹತ್ತು ವರ್ಷದವಳು ಎಂದು ಒಂದನೇ ತರಗತಿಗೆ ಸೇರಿಸಿದರು. ಮಕ್ಕಳು ‘ಅಜ್ಜಿ’ ಎಂದು ಅಣಕಿಸಿದವು. ಚೀಟಿಯಲ್ಲಿ ಇಪ್ಪತ್ತು ತುಂಬಿದೆ, ಇನ್ನು ಬಿಟ್ಟರೆ ಒಣಗಿಹೋಗುತ್ತಾಳೆ ಎಂದು ಹದಿನೈದಕ್ಕೇ ಝೈದಾನನಿಗೆ ಕೊಟ್ಟರು. ಅವನು ಮನೆಗೇ ಬಂದು ಇದ್ದ ಅಳಿಯ, ಕಿತ್ತಳೆ ತೋಟದಲ್ಲಿ ಕೂಲಿ. ಅವನು ತೀರಿಕೊಳ್ಳುವವರೆಗೆ ಇವಳೂ ಅವನ ಜೊತೆ ನಲವತ್ತು ಸುಗ್ಗಿ ಕಿತ್ತಳೆ ಬಿಡಿಸಿದಳು. ಎರಡು ಹೆಣ್ಣು, ಒಂದು ಗಂಡು. ಹೆಣ್ಣುಗಳನ್ನು ಬೇರೆ ಶಿಬಿರಗಳಿಗೆ ಕೊಟ್ಟಾಯಿತು. ಗಂಡು ಜಾಬಿರ್. ಅವನು ಹುಟ್ಟಿದ ದಿನದಿಂದ ಓಣಿಗೆಲ್ಲ ಅವಳು ಜಾಬಿರನವ್ವ. ನಜೀಹಾ ಎನ್ನುವವರು ಕಚೇರಿಯವರು, ಆಸ್ಪತ್ರೆಯವರು ಮಾತ್ರ. ನನಗೆ ಮಕ್ಕಳಿಲ್ಲ, ನಾನು ಸಬ್ಹಾ ಆಗಿಯೇ ಉಳಿದೆ.

ಮನೆಯ ಮಾತು ಸ್ವಲ್ಪ ಹೇಳಬೇಕು. ನಮ್ಮ ಓಣಿ ಮಸೀದಿಯಿಂದ ಹಗ್ಗ ಹಿಡಿದಂತೆ ನೆಟ್ಟಗೆ ಬರುತ್ತದೆ. ಅವಳ ಮನೆ ಹತ್ತಿರ ಬಂದ ಕೂಡಲೇ ಮೊಣಕೈಯಂತೆ ಸೊಟ್ಟಗಾಗಿ, ಮನೆಯನ್ನು ಬಳಸಿಕೊಂಡು ಮತ್ತೆ ನೆಟ್ಟಗಾಗುತ್ತದೆ. ಫ್ರಿಜ್ಜು ತರುವವರು, ಮದುವೆಯ ಬೀರು ತರುವವರು ಅಲ್ಲಿ ಬಯ್ಯದೆ ಮುಂದೆ ಹೋದದ್ದಿಲ್ಲ. ಹೆಣವನ್ನೂ ಅಲ್ಲಿ ವಾಲಿಸಿಕೊಂಡೇ ದಾಟಿಸಬೇಕು. ಡೇರೆಗಳನ್ನು ತೆಗೆದು ಸಾಲಾಗಿ ಗುಡಿಸಲು ಹಾಕಿಸಿದಾಗ ಎಲ್ಲರೂ ಗೆರೆ ಹೊಡೆದಲ್ಲಿಗೆ ಸರಿದರು, ಹಮ್ದಾ ಒಬ್ಬಳು ಗೇಣೂ ಸರಿಯಲಿಲ್ಲ. ಗೂಟ ಹೊಡೆಯಲು ಬಂದವರ ಕಾಲ ಕೆಳಗೆ ಮಲಗಿಬಿಟ್ಟಳು. ‘ಹಟಮಾರಿ ಹೆಂಗಸು’ ಎಂದು ಓಣಿಯನ್ನೇ ಬಾಗಿಸಿದರು.

ಆ ಮನೆಯ ಒಳಮೂಲೆಯಲ್ಲಿ ಒಂದು ಮಣ್ಣಿನ ಹರವಿ. ಇಲ್ಲಿ ಬಾವಿಯ ನೀರು ಉಪ್ಪು, ಕುಡಿಯುವುದನ್ನು ಹೊತ್ತು ತರಬೇಕು. ಹರವಿ ಎಲ್ಲರ ಮನೆಯಲ್ಲೂ ಇತ್ತು, ಆಮೇಲೆ ಪ್ಲಾಸ್ಟಿಕ್ಕು ಬಂದು ಎಲ್ಲರ ಮನೆಯಿಂದಲೂ ಹೋಯಿತು. ಅವರದು ಹೋಗಲಿಲ್ಲ. ಒಡೆದರೆ ಹಮ್ದಾ ಅದೇ ದಿನ ಬೇರೆ ತರಿಸಿ ಅದೇ ಜಾಗದಲ್ಲಿ ಇಡುತ್ತಿದ್ದಳು. ಮೊದಲ ಸಲ ನೆಲಕ್ಕೆ ಸಿಮೆಂಟು ಹಾಕಿಸಿದ ದಿನ ನಾನು ನೋಡಿದ್ದೇನೆ. ಆ ಮೂಲೆಯ ಹಸಿ ಸಿಮೆಂಟಿನಲ್ಲಿ ಒಂದು ಜೊಂಡಿನ ಕಡ್ಡಿ ಚುಚ್ಚಿ ಹಿಡಿದುಕೊಂಡು, ಮಧ್ಯಾಹ್ನದಿಂದ ಅದು ಗಟ್ಟಿಯಾಗುವವರೆಗೂ ನಿಂತಿದ್ದಳು. ಇಪ್ಪತ್ತು ವರ್ಷದ ಮೇಲೆ ಮತ್ತೊಂದು ಪದರ ಹಾಕಿದಾಗಲೂ ಹಾಗೇ ನಿಂತಳು. “ಇದೇನು ಹಮ್ದಾ ಚಿಕ್ಕಮ್ಮ, ಸಿಮೆಂಟಲ್ಲಿ ಸಸಿ ನೆಡ್ತಿದೀರಾ?” ಎಂದೆ. “ಹೂಂ, ಚಿಗುರಿದ್ರೆ ನಿಂಗೂ ಒಂದು ರೆಂಬೆ ಕೊಡ್ತೀನಿ,” ಎಂದಳು. ನಗಲಿಲ್ಲ.

ಆ ಹರವಿಯಲ್ಲಿ ದಿನಾ ಬೆಳಿಗ್ಗೆ ಒಂದು ಲೋಟ ನೀರು ಕಡಿಮೆ ಇರುತ್ತಿತ್ತು. ಮುಚ್ಚಳ ಮುಚ್ಚಿದ್ದು ಮುಚ್ಚಿದ ಹಾಗೇ, ನೆಲ ಒಣಗಿದ್ದು ಒಣಗಿದ ಹಾಗೇ. ಝೈದಾನ್ ತಮಾಷೆಗೆ, “ನಿಮ್ಮನೇಲಿ ಇನ್ನೊಬ್ರು ಇದಾರೆ, ಬಾಯಾರಿಕೆ ಜಾಸ್ತಿ ಅವ್ರಿಗೆ,” ಅನ್ನುತ್ತಿದ್ದ. ಅತ್ತೆ ಹಮ್ದಾ ಅವನ ತಟ್ಟೆಯಿಂದ ರೊಟ್ಟಿ ಕಿತ್ತುಕೊಂಡಳು ಒಂದು ಸಲ. ಆಮೇಲೆ ಅವನು ಆ ಮಾತೆತ್ತಲಿಲ್ಲ.

ಹಮ್ದಾ ಸಾಯುವಾಗ ಮಗಳೊಬ್ಬಳನ್ನೇ ಹತ್ತಿರ ಕರೆದು ಹೇಳಿದಳು. ಹಿಮದ ವಾರ ಹೂಳಲು ಹೊರಗೆ ಒಯ್ದರೆ ಎಣಿಸುವವರ ಕಣ್ಣಿಗೆ ಬೀಳುತ್ತಿತ್ತು. ಹಿಟ್ಟಿನ ಚೀಲದಲ್ಲಿ ಸುತ್ತಿ ಡೇರೆಯ ಒಳಗೇ, ತಾನು ಮಲಗುವ ಚಾಪೆಯ ತಲೆದೆಸೆಯಲ್ಲಿ ಹೂಳಿದ್ದಳು. “ನೀರು ತಪ್ಪಿಸ್ಬೇಡ,” ಎಂದಳು. ಇವಳು ಕೇಳಿದಳಂತೆ, “ಅವ್ವಾ, ನನ್ನ ಹೆಸರೇನು? ಮನಸ್ಸಲ್ಲಾದ್ರೂ ಬೇರೆ ಏನಾದ್ರೂ ಇಟ್ಟಿದ್ಯಾ?” ಹಮ್ದಾ ಅವಳನ್ನೇ ನೋಡಿ, “ನಿನ್ನನ್ನ ಕರೆಯೋ ಪ್ರಸಂಗಾನೇ ಬರ್ಲಿಲ್ವಲ್ಲೇ. ನೀನು ಯಾವಾಗ್ಲೂ ಇಲ್ಲೇ ಇರ್ತಿದ್ದೆ,” ಎಂದಳಂತೆ.

ಈ ಮಾತು ಇಪ್ಪತ್ತಾರು ವರ್ಷ ಅವಳ ಹೊಟ್ಟೆಯಲ್ಲೇ ಇತ್ತು. ಹೋದ ವಸಂತದಲ್ಲಿ ನನ್ನ ಹೊಸಿಲ ಮೇಲೆ ಬಿತ್ತು. ಬೀಳಲು ಕಾರಣ ಅವಳ ಮೊಮ್ಮಗ ಬಾಸಿಲನ ಮದುವೆ.

ಹೆಣ್ಣು ನಿಶ್ಚಯವಾಗಿತ್ತು. ಹೆಣ್ಣಿನ ತಾಯಿ ಖಡಕ್ಕಾಗಿ ಹೇಳಿ ಕಳಿಸಿದ್ದಳು: “ಮೇಲೆ ಒಂದು ಕೋಣೆ ಏಳ್ಲಿ, ಆಮೇಲೆ ನಮ್ಮ ಹುಡುಗಿ ಹೊಸಿಲು ದಾಟ್ತಾಳೆ. ಐದು ಜನ ಮಲಗೋ ಕಡೆ ಆರನೇ ಹಾಸಿಗೆ ಹಾಸೋಕೆ ನಾವು ಮಗಳನ್ನ ಸಾಕಿಲ್ಲ.” ಭೂಮಿ ಕೊಳ್ಳಲು ನಮಗಿಲ್ಲಿ ಹಕ್ಕಿಲ್ಲ, ಅಕ್ಕಪಕ್ಕ ಬೆಳೆಯಲು ಜಾಗವಿಲ್ಲ. ಮೇಲಕ್ಕೇ ಬೆಳೆಯಬೇಕು. ಜಾಬಿರ್ ನಾಲ್ಕು ತಿಂಗಳಿಂದ ಸಿಮೆಂಟು ಕೂಡಿಸುತ್ತಿದ್ದ. ಶಿಬಿರದ ಬಾಗಿಲಲ್ಲಿ ಸಿಪಾಯಿಗಳು ಪರವಾನಗಿ ಇಲ್ಲದೆ ಒಂದು ಹಿಡಿ ಸಿಮೆಂಟನ್ನೂ ಬಿಡುವುದಿಲ್ಲ. ಟೊಮೆಟೊ ಪೆಟ್ಟಿಗೆಯ ಅಡಿಯಲ್ಲಿ, ಹಿಟ್ಟಿನ ಡಬ್ಬಿಯಲ್ಲಿ, ಅಷ್ಟಷ್ಟೇ ತಂದು ಸೇರಿಸಿದ್ದು. ಸಮುದ್ರದ ಗಾಳಿಗೆ ಅದು ಗಡ್ಡೆಕಟ್ಟಲು ಶುರುವಾಗಿತ್ತು.

ಮೇಸ್ತ್ರಿ ಖಲ್ದೂನ್ ಬಂದು ಗೋಡೆ ಬಡಿದು ನೋಡಿ, ಮೇಲೆ ಕೆಳಗೆ ಅಳೆದು, “ಈ ಗೋಡೆ ಮೇಲೆ ಇನ್ನೊಂದು ಮಹಡಿ ಏರಿಸಿದ್ರೆ ಮದುವೆ ದಿನವೇ ಎಲ್ಲರೂ ಒಟ್ಟಿಗೆ ಸ್ವರ್ಗಕ್ಕೆ ಹೋಗ್ತೀವಿ. ಕೆಳಗಿಂದ ಒಂದು ಕಂಬ ಎಬ್ಬಿಸ್ಬೇಕು,” ಎಂದ.

“ಎಲ್ಲಿ?” ಎಂದ ಜಾಬಿರ್.

ಖಲ್ದೂನ್ ಹರವಿಯ ಕಡೆ ಗಡ್ಡ ಎತ್ತಿ ತೋರಿಸಿದ. “ಅಲ್ಲಿ. ಬೇರೆ ಕಡೆ ಆಗಲ್ಲ.”

“ಅಲ್ಲಿ ಬೇಡ,” ಎಂದಳು ಜಾಬಿರನವ್ವ. ಆಗ ನಾನೂ ಅಲ್ಲೇ ಇದ್ದೆ, ರೊಟ್ಟಿ ಲಟ್ಟಿಸಲು ಕೈಕೊಡುತ್ತಿದ್ದೆ.

“ಯಾಕಜ್ಜೀ, ಕೆಳಗೆ ಚಿನ್ನಗಿನ್ನ ಹೂತಿಟ್ಟಿದೀರಾ?” ಎಂದ ಖಲ್ದೂನ್.

“ಹೌದಪ್ಪಾ, ನಿಂಗೆ ಅಂತಾನೇ ಇಟ್ಟಿದೀನಿ. ಇರೋ ಇಬ್ರು ಹೆಂಡ್ತೀರು ಸಾಲ್ದು ಅಂದ್ರೆ ಹೇಳು, ತೆಕ್ಕೊಡ್ತೀನಿ.”

ಎಲ್ಲರೂ ನಕ್ಕರು. ಅವಳ ಕೈಯಲ್ಲಿದ್ದ ಹಿಟ್ಟಿನ ಉಂಡೆ ಮಾತ್ರ ನೆಲಕ್ಕೆ ಬಿದ್ದಿತ್ತು, ಅವಳಿಗೆ ತಿಳಿದಿರಲಿಲ್ಲ.

ಮೂರು ದಿನ ತಾಯಿಮಗನಿಗೆ ಜಗಳ. “ಒಂದು ಹರವಿಗೋಸ್ಕರ ನನ್ನ ಮಗನ ಮದುವೆ ಮುರೀತೀಯಾ ಅವ್ವಾ? ನಿಮ್ಮವ್ವ ಓಣೀನೇ ಸೊಟ್ಟ ಮಾಡಿದ್ಲು, ನೀನು ವಂಶಾನೇ ಸೊಟ್ಟ ಮಾಡ್ತೀಯಾ?” ಎಂದು ಜಾಬಿರ್ ಕೂಗಾಡಿದ್ದು ಓಣಿಗೆಲ್ಲ ಕೇಳಿಸಿತು. ನಾಲ್ಕನೇ ದಿನವೇ ಅವಳು ಝಾತರ್ ಸೊಪ್ಪಿನ ಮೊರ ಎತ್ತಿಕೊಂಡು ನನ್ನ ಹೊಸಿಲಿಗೆ ಬಂದದ್ದು.

ಎಲ್ಲ ಹೇಳಿ ಮುಗಿಸಿ, “ಕಂಬ ಏಳಿಸ್ಬೇಕಾದ್ರೆ ಅವಳನ್ನ ಎಬ್ಬಿಸ್ಬೇಕು,” ಎಂದಳು. “ಎಬ್ಬಿಸಿದ್ರೆ ಮಣ್ಣು ಕೊಡ್ಬೇಕು. ಮಣ್ಣು ಕೊಡುವಾಗ ಯಾರು ಅಂತ ಕೇಳ್ತಾರೆ. ನಜೀಹಾ ಅಂದ್ರೆ ನಜೀಹಾ ಸತ್ತಳು. ಆಮೇಲೆ ನಾನ್ಯಾರು ಸಬ್ಹಾ? ಬೇರೆ ಏನಾದ್ರೂ ಸುಳ್ಳು ಹೆಸರು ಹೇಳಿದ್ರೆ, ಎರಡನೇ ಸಲಾನೂ ಅವಳದ್ದನ್ನ ನಾನೇ ಕಿತ್ಕೊಂಡ ಹಾಗಾಗುತ್ತೆ. ತೆಗೀದೇ ಇದ್ರೆ ಬಾಸಿಲನ ಬದುಕು ಕೆಡುತ್ತೆ.”

ನಾನು, “ಮೊದಲು ಜಾಬಿರನಿಗೆ ಹೇಳು,” ಎಂದೆ.

ಹೇಳಿದಳು. ಅವನು ಬಿಸಿ ಚಹಾದ ಲೋಟ ಕೈಯಲ್ಲಿ ಹಿಡಿದವನು ಆರುವವರೆಗೂ ಕೆಳಗಿಡಲಿಲ್ಲ. ನಲವತ್ತೈದು ವರ್ಷ ಆ ಮೂಲೆಯ ಪಕ್ಕದಲ್ಲೇ ತಲೆಯಿಟ್ಟು ಮಲಗಿದ್ದವನು. ಕೊನೆಗೆ ತಾಯಿಯ ಮುಖ ನೋಡದೆ, “ಹಂಗಾದ್ರೆ ನೀನ್ಯಾರವ್ವಾ?” ಎಂದ. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ, ಹೆದರಿ ಕೇಳಿದ್ದು. ಅವಳು ಎದ್ದು ಹೋಗಿ ಹರವಿಗೆ ನೀರು ತುಂಬಿದಳು. ಮಾರನೆಯ ದಿನ ತಾನೇ ಖಲ್ದೂನನಿಗೆ ಹೇಳಿ ಕಳಿಸಿದಳು, “ಬಾ, ಅಗಿ.”

ಅಗೆದದ್ದು ಬೆಳಿಗ್ಗೆ, ಮನೆಯ ಉಳಿದವರನ್ನು ಹೊರಗೆ ಕಳಿಸಿ, ಬಾಗಿಲು ಹಾಕಿಕೊಂಡು. ಒಳಗೆ ತಾಯಿಮಗ, ಖಲ್ದೂನ್, ನಾನು. ಹಿಂದಿನ ದಿನವೇ ಎಲ್ಲ ತಿಳಿಸಿದ್ದರಿಂದ ಖಲ್ದೂನನ ತಮಾಷೆ ನಿಂತಿತ್ತು. ಹರವಿ ಎತ್ತಿ ಪಕ್ಕಕ್ಕಿಟ್ಟಾಗ ಕೆಳಗೆ ಸಿಮೆಂಟಿನಲ್ಲಿ ಹೆಬ್ಬೆರಳು ಹಿಡಿಸುವಷ್ಟು ಒಂದು ತೂತು ಕಂಡಿತು. ಅಂಚು ಸವೆದು ನುಣುಪಾಗಿತ್ತು. ಮೇಲಿನ ಪದರ ಒಡೆದರೆ ಕೆಳಗಿನ ಪದರದಲ್ಲೂ ಅದೇ ನೇರಕ್ಕೆ ತೂತು. ಅದರ ಕೆಳಗಿನ ಗಾರೆಯಲ್ಲೂ. ಆಗ ನನಗೆ ಆ ಜೊಂಡಿನ ಕಡ್ಡಿ ನೆನಪಾಯಿತು. ಹರವಿಯ ತಳ ಬೆವರಿ ಹನಿ ಹನಿಯಾಗಿ ಇಳಿಯಲು ಹಮ್ದಾ ದಾರಿ ಬಿಟ್ಟಿದ್ದಳು. ಗೋರಿಗೆ ನೀರು ಹಾಕುವುದು ನಮ್ಮಲ್ಲಿ ಎಲ್ಲರೂ ಮಾಡುವುದೇ. ಹಬ್ಬದ ದಿನ ಹೋಗಿ ಒಂದು ತಂಬಿಗೆ ಸುರಿದು ಬರುತ್ತೇವೆ. ಅವಳು ದಿನವೂ ಹಾಕಿದ್ದಳು, ಯಾರಿಗೂ ಕಾಣದಂತೆ. ಆ ದಿನಾ ಕಡಿಮೆಯಾಗುತ್ತಿದ್ದ ಲೋಟ ನೀರು ಅದೇ.

ನನಗೆ ಒಂದು ಭಾರ ಇಳಿದ ಹಾಗಾಯಿತು. ಕಾರಣ ತಿಳಿದರೆ ಭಯ ಹೋಗುತ್ತದಲ್ಲ, ಹಾಗೆ. ಬಹಳ ಹೊತ್ತು ಉಳಿಯಲಿಲ್ಲ.

ಮಣ್ಣು ಸುತ್ತಲೂ ಒಣ ಮರಳು. ಅಲ್ಲಿ ಒಂದು ಕಡೆ ಮಾತ್ರ ಕಪ್ಪಗೆ, ಮೆತ್ತಗೆ, ಈಗ ತಾನೇ ಕಲಸಿದ ಹಾಗಿತ್ತು. ಖಲ್ದೂನ್ ಸಲಿಕೆ ಬಿಟ್ಟು ಕೈಯಲ್ಲಿ ತೋಡಿದ. ಚೀಲದ ನೂಲು ಅಲ್ಲಲ್ಲಿ ಅಂಟಿಕೊಂಡಿತ್ತು. ಮೂಳೆಗಳು ಹಕ್ಕಿಯವೇನೋ ಎನ್ನುವಷ್ಟು ಸಣ್ಣವು. ತಲೆ ಇದ್ದ ಕಡೆ ಕೂದಲು ಹಾಗೇ ಇತ್ತು. ಜಡೆ. ತುದಿಯಲ್ಲಿ ಒಂದು ನೀಲಿ ಮಣಿ. ಖಲ್ದೂನ್ ಮಣ್ಣಿನಿಂದ ಅದನ್ನು ಬಿಡಿಸುತ್ತಾ ಹೋದ, ಅದು ಬರುತ್ತಾ ಹೋಯಿತು. ಆ ಪುಟ್ಟ ಮೂಳೆಗಳ ಸೊಂಟ ದಾಟಿ, ಮೊಣಕಾಲಿನವರೆಗೆ ಬಂತು.

“ಎಷ್ಟು ಉದ್ದ ಕೂದಲು ಮಗೂಗೆ,” ಎಂದು ಜಾಬಿರ್ ಪಿಸುಗುಟ್ಟಿದ.

ಆ ಚಳಿಗಾಲ ಡೇರೆಗಳಲ್ಲಿ ಹೇನು ಹತ್ತಿ ನಮ್ಮೆಲ್ಲರ ತಲೆಯನ್ನೂ ಕಿವಿಯ ಮೇಲಕ್ಕೆ ಕತ್ತರಿಸಿದ್ದರು. ನನ್ನದು, ನಜೀಹಾಳದು, ಒಂದೇ ದಿನ, ಒಂದೇ ಕತ್ತರಿಯಲ್ಲಿ. ಆಗ ನನಗೆ ನಾಲ್ಕು ವರ್ಷ. ನೆನಪು ತಪ್ಪಿರಲೂಬಹುದು.

ಜಾಬಿರನವ್ವ ಗುಂಡಿಯ ಅಂಚಿಗೆ ಕೂತು ಜಡೆಯನ್ನು ತೊಡೆಯ ಮೇಲೆ ಹಾಕಿಕೊಂಡು ಮಣ್ಣು ಒರೆಸಿದಳು. “ಅಕ್ಕಾ,” ಎಂದಳು. ಅರವತ್ತೇಳು ವರ್ಷದ ಹೆಂಗಸು ನಾಲ್ಕು ವರ್ಷದವಳನ್ನು ಅಕ್ಕ ಎಂದದ್ದು ನಾನು ಕೇಳಿದ್ದು ಅದೊಂದೇ ಸಲ.

ನಾವಿಬ್ಬರೂ ಸೇರಿ ತೊಳೆದೆವು. ಹರವಿಯ ನೀರಿನಲ್ಲೇ. ಬಿಳಿ ಬಟ್ಟೆಯಲ್ಲಿ ಸುತ್ತಿದರೆ ಒಂದು ರೊಟ್ಟಿಯ ಗಂಟಿನಷ್ಟೂ ಆಗಲಿಲ್ಲ. ಜಾಬಿರ್ ತೋಳಿನ ಮೇಲೆ ಇಟ್ಟುಕೊಂಡು ಹೊರಟ. ಓಣಿಯ ಸೊಟ್ಟ ಜಾಗ ಬಂದಾಗ ಅಭ್ಯಾಸದಂತೆ ನಿಂತ, ವಾಲಿಸಲು. ವಾಲಿಸುವ ಅಗತ್ಯವಿರಲಿಲ್ಲ. ಆ ಓಣಿ ಬಾಗಿದ್ದೇ ಯಾರಿಗಾಗಿಯೋ, ಅವಳೊಬ್ಬಳು ಅಲ್ಲಿ ತಡೆಯಿಲ್ಲದೆ ದಾಟಿದಳು.

ಸ್ಮಶಾನದಲ್ಲಿ ಹೊಸ ಗೋರಿಗೆ ಜಾಗ ಮುಗಿದು ವರ್ಷಗಳಾದವು. ಹಳೆಯ ಗೋರಿ ತೆಗೆದು ಮನೆಯವರನ್ನೇ ಮೇಲೆ ಮಲಗಿಸುತ್ತೇವೆ. ಹಮ್ದಾಳ ಗೋರಿ ತೆರೆದಿದ್ದರು. ಹೆಂಗಸರು ಮಣ್ಣಿಗೆ ಹೋಗುವುದು ನಮ್ಮಲ್ಲಿ ವಾಡಿಕೆಯಲ್ಲ, ಜಾಬಿರನವ್ವ ಹೋದಳು, ಅವಳ ಹಿಂದೆ ನಾನೂ. ಯಾರೂ ತಡೆಯಲಿಲ್ಲ. ಸುದ್ದಿ ಅಷ್ಟು ಹೊತ್ತಿಗೆ ಅರ್ಧಂಬರ್ಧ ಹಬ್ಬಿತ್ತು. ಶಿಬಿರದ ಕಮಿಟಿಯ ಒಬ್ಬ ಪುಸ್ತಕ ಹಿಡಿದು ನಿಂತಿದ್ದ, ಯಾರ ಗೋರಿಯಲ್ಲಿ ಯಾರು ಎಂದು ಬರೆದುಕೊಳ್ಳಲು.

ಇಮಾಮ್ ರುಶ್ದಿ ವಯಸ್ಸಾದವರು, ನಮ್ಮದೇ ಊರಿನ ಕಡೆಯವರು. ಅವರಿಗೆ ಎಲ್ಲ ಗೊತ್ತಾಗಿತ್ತು. ಕಮಿಟಿಯವನ ಪುಸ್ತಕದ ಕಡೆ ಒಂದು ಸಲ ನೋಡಿ, ಮೆಲ್ಲಗೆ, “ಜಾಬಿರನವ್ವಾ, ದೊಡ್ಡೋರಿಗಾದ್ರೆ ಗೋರಿ ಮುಂದೆ ಕೂತು ಹೆಸರು ಹಿಡಿದು ಕರೀತೀವಿ. ಮಕ್ಕಳಿಗೆ ಬೇಕಾಗಿಲ್ಲ. ಮಕ್ಕಳಿಗೆ ದೇವರು ಲೆಕ್ಕ ಕೇಳಲ್ಲ. ಹಮ್ದಾಳ ಮಗಳು ಅಂದ್ರೆ ಸಾಕು. ಹೆಸರು ಬೇಡ,” ಎಂದರು. ದಾರಿ ತೋರಿಸಿದರು. ಒಳ್ಳೆಯವರು.

ಅವಳು ಆ ದಾರಿ ಹಿಡಿಯಲಿಲ್ಲ. “ಬೇಕು ಇಮಾಮರೇ. ಕೂಗದೇ ಇದ್ರೆ ಅವಳಿಗೆ ತನ್ನನ್ನೇ ಅಂತ ಹೆಂಗೆ ಗೊತ್ತಾಗುತ್ತೆ? ಇಷ್ಟು ವರ್ಷ ಅವಳನ್ನ ಯಾರು ಕರೆದ್ರೂ ನಾನೇ ಎದ್ದಿದೀನಿ.”

ಆಮೇಲೆ ತಾನೇ ಗುಂಡಿಯ ಬಾಯಿಗೆ ಬಾಗಿ, ಒಳಗೆ ನೋಡಿಕೊಂಡು, ಅವಳವ್ವ ಸಂಜೆ ಕೂಗುತ್ತಿದ್ದ ಅದೇ ಎಳೆದ ದನಿಯಲ್ಲಿ, “ನಜೀಹಾ,” ಎಂದಳು. “ಹಮ್ದಾಳ ಮಗಳು ನಜೀಹಾ.” ಒಂದು ಗಳಿಗೆ ಸುಮ್ಮನಿದ್ದಳು. ಯಾರೂ ಓ ಅನ್ನಲಿಲ್ಲ. ನನ್ನ ನಾಲಿಗೆ ತಾನಾಗಿ ಎದ್ದಿತ್ತು. ಹಲ್ಲು ಕಚ್ಚಿ ಹಿಡಿದೆ, ತಲೆಯನ್ನೂ ಆಡಿಸಲಿಲ್ಲ.

ಕಮಿಟಿಯವನು ಪೆನ್ನು ಎತ್ತಿದವನು ಹಾಗೇ ನಿಂತ. “ಅಜ್ಜೀ, ನಜೀಹಾ ನೀವಲ್ವಾ? ಇವ್ಳು ನಜೀಹಾ ಅಂದ್ರೆ ನೀವ್ಯಾರು?”

ಅವಳು ಮಗನ ಕಡೆ ನೋಡಿದಳು. ಕಮಿಟಿಯವನ ಕಡೆ ಅಲ್ಲ.

“ನಾನು ಜಾಬಿರನವ್ವ,” ಎಂದಳು. “ಅದನ್ನ ಯಾರ ಹತ್ರಾನೂ ಇಸ್ಕೊಂಡಿಲ್ಲ.”

ಜಾಬಿರ್ ತಲೆ ತಗ್ಗಿಸಿ ಗುಂಡಿಗೆ ಇಳಿದು, ಗಂಟನ್ನು ತನ್ನ ಅಜ್ಜಿಯ ಮೇಲೆ ಇಟ್ಟ. ಮೇಲೆ ಬಂದವನು ಮಣ್ಣಿನ ಕೈಯಲ್ಲೇ ತಾಯಿಯ ಕೈ ಹಿಡಿದುಕೊಂಡು ಮನೆಯವರೆಗೂ ಬಿಡಲಿಲ್ಲ. ಕಮಿಟಿಯವನು ಸಾಲು ಖಾಲಿ ಬಿಟ್ಟು ಪುಸ್ತಕ ಮುಚ್ಚಿದ. ಅವನ ಮನೆಯ ಚೀಟಿಯಲ್ಲೂ ಅಂಥದ್ದೊಂದು ಹೆಸರು ಇದ್ದೀತು, ಯಾರಿಗೆ ಗೊತ್ತು.

ಕಂಬ ಎದ್ದಿತು. ಅದಕ್ಕೆ ಸಿಮೆಂಟು ಸುರಿದ ದಿನ ಖಲ್ದೂನ್ ಬಂದು, “ಅಜ್ಜೀ, ತೂತು ಬಿಡ್ಲಾ?” ಎಂದು ಕೇಳಿದ. ಬೇಡ ಎಂದಳು. ಮೇಲೆ ಕೋಣೆಯಾಯಿತು, ಬಾಸಿಲನ ಮದುವೆಯಾಯಿತು, ಹೆಣ್ಣಿನ ಬೀರು ಓಣಿಯ ಸೊಟ್ಟದಲ್ಲಿ ಸಿಕ್ಕಿಕೊಂಡು ಬೀಗಿತ್ತಿ ಬೈದದ್ದೂ ಆಯಿತು. ಪಡಿ ಕಚೇರಿಗೆ ಮಾತ್ರ ಯಾರೂ ಏನೂ ಬರೆಸಲಿಲ್ಲ. ಆ ಚೀಟಿ ಹೋದರೆ ಅವಳ ಸಕ್ಕರೆ ಕಾಯಿಲೆಯ ಔಷಧಿಯೂ ಹೋಗುತ್ತದೆ. ಹಾಗಾಗಿ ನಜೀಹಾ ಎರಡನೇ ಸಲ ಸತ್ತದ್ದೂ ಲೆಕ್ಕಕ್ಕೆ ಬರಲಿಲ್ಲ. ಹೋದ ತಿಂಗಳು ಔಷಧಿಯ ಸಾಲಿನಲ್ಲಿ ನಾವಿಬ್ಬರೂ ಬೆಂಚಿನ ಮೇಲೆ ಕೂತಿದ್ದಾಗ ಒಳಗಿಂದ ‘ನಜೀಹಾ’ ಎಂದು ಕರೆದರು. ಅವಳು ಎಂದಿನಂತೆ ಒಂದು ಗಳಿಗೆ ಕೂತೇ ಇದ್ದಳು. ಆಗ ಬೆಂಚಿನ ಆ ತುದಿ, ಯಾರೂ ಕೂತಿರದಿದ್ದ ತುದಿ, ಭಾರ ಇಳಿದ ಹಾಗೆ ಸ್ವಲ್ಪ ಮೇಲೆದ್ದಿತು. ಹಳೆಯ ಬೆಂಚು, ಕಾಲು ಸಡಿಲ. ನಾವು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಆಮೇಲೆ ಅವಳೆದ್ದು ಹೋಗಿ ಔಷಧಿ ತಂದಳು.

ಹರವಿ ಈಗ ಕಂಬದ ಈಚೆ, ಬಾಗಿಲ ಹತ್ತಿರ, ಕಬ್ಬಿಣದ ಮೂರು ಕಾಲಿನ ಮಣೆಯ ಮೇಲೆ ಇದೆ. ಅಡಿಯಲ್ಲಿ ಒಂದು ತಟ್ಟೆ ಇಟ್ಟಿದ್ದಾಳೆ. ಬೆವರಿದರೆ ಹನಿ ತಟ್ಟೆಗೆ ಬೀಳಬೇಕು. ಬೆಳಿಗ್ಗೆ ನಾನು ಹೋದಾಗ ಅವಳು ಮುಚ್ಚಳ ತೆಗೆದು ನೋಡುತ್ತಿದ್ದಳು. ತಟ್ಟೆ ಒಣಗಿತ್ತು.

“ಎಷ್ಟು?” ಎಂದೆ.

“ಅಷ್ಟೇ. ಒಂದು ಲೋಟ,” ಎಂದಳು.

ಮಸೀದಿಯ ನಲ್ಲಿಯಿಂದ ತಂದ ಸಿಹಿನೀರಿನ ಕೊಡ ಹೊಸಿಲ ಮೇಲಿತ್ತು. ನಾನು ಹರವಿಯ ಬಾಯಿಗೆ ಬಿಳಿ ಬಟ್ಟೆ ಬಿಗಿಹಿಡಿದೆ. ಅವಳು ಸೋಸುತ್ತಾ, ಒಂದು ಹನಿಯೂ ಚೆಲ್ಲದಂತೆ, ಕಂಠದವರೆಗೆ ತುಂಬಿದಳು. ಬಟ್ಟೆ ಹಿಂಡಿ ತಂತಿಯ ಮೇಲೆ ಒಣಹಾಕಿ, ಮುಚ್ಚಳ ಮುಚ್ಚಿ, ಅದರ ಮೇಲೆ ಲೋಟವನ್ನು ತೊಳೆದು ಬೋರಲು ಹಾಕಿದಳು.